ಈದ ಹಸುವಿನ ಗಂಜಲ ಪರೀಕ್ಷೆ



ಸಂಘದಲ್ಲಿ ಅಳೆಯುವ ಹಾಲಿನ ಕೊಬ್ಬಿನಲ್ಲಿ ಸುಮಾರು ಶೇ. 98 ಭಾಗ ಟ್ರೈಗ್ಲಿಸರೈಡ್. ಹಸುವಿನ ಮೈಕೊಬ್ಬೂ ಮುಖ್ಯವಾಗಿ ಅದೇ. ಈದ ಮೊದಲ ವಾರಗಳಲ್ಲಿ ತಿಂದದ್ದು ಕರೆಯುವ ಹಾಲಿಗೆ ಸಾಲದೆ ಮೈಕೊಬ್ಬು ಕರಗಿ ಯಕೃತ್ತಿಗೆ ಸೇರುತ್ತದೆ. ಹಸುವಿನ ಯಕೃತ್ತು ಟ್ರೈಗ್ಲಿಸರೈಡನ್ನು ಬೇಗ ಹೊರಹಾಕಲಾರದು. ಆದ್ದರಿಂದ ಅಲ್ಲಿ ಕೊಬ್ಬು ತುಂಬಿದ್ದರೂ ರಕ್ತಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್ ಕಡಿಮೆಯೇ ಕಾಣಬಹುದು. ಮನುಷ್ಯರ ಲೆಕ್ಕ ಇಲ್ಲಿ ನಡೆಯದು.

ಇಲ್ಲಿ ನೋಡಬೇಕಾದದ್ದು ಕೊಬ್ಬು ಕರಗಿದಾಗ ಉಂಟಾಗುವ ಕೀಟೋನ್. ರೋಥೆರಾ ಪರೀಕ್ಷೆಯಲ್ಲಿ ಗಂಜಲಕ್ಕೆ ಅಮೋನಿಯಂ ಸಲ್ಫೇಟ್, ಸೋಡಿಯಂ ನೈಟ್ರೋಪ್ರುಸೈಡ್ ಬೆರೆಸಿ ಅಮೋನಿಯಾ ದ್ರಾವಣ ಬಿಡುತ್ತಾರೆ. ಕೀಟೋನ್ ಇದ್ದರೆ ನೇರಳೆ ಬಣ್ಣ ಮೂಡುತ್ತದೆ. ರಕ್ತದಲ್ಲಾದರೆ ಬೀಟಾ ಹೈಡ್ರಾಕ್ಸಿ ಬ್ಯುಟಿರೇಟ್ ಲೀಟರಿಗೆ 1.2 ಮಿಲಿಮೋಲ್ ತಲುಪಿದರೆ ಎಚ್ಚರ ವಹಿಸಬೇಕು.

ಅರಸೀಕೆರೆಯಲ್ಲಿ ಬೇಸಿಗೆಗೆ ರಾಗಿಹುಲ್ಲನ್ನೇ ನಂಬಿದವರಿರಲಿ, ಬೇಲೂರು, ಹಳೇಬೀಡಿನ ಕಡೆ ಹಸಿಮೇವು ಉಳ್ಳವರಿರಲಿ, ಎಲ್ಲರೂ ಗಮನಿಸಿ: ಈದ ಹಸು ಹಿಂಡಿ ಬಿಟ್ಟು ಒಣಹುಲ್ಲನ್ನಷ್ಟೇ ತಿಂದು, ಹಾಲು ಇಳಿದರೆ ಕಾಯಬೇಡಿ. ಆಗ ಫ್ಯಾಟ್ ಏರಿತೆಂದು ಹಿಗ್ಗಬೇಡಿ. ಅದು ಹಸುವಿನ ಮೈ ಕರಗುತ್ತಿರುವ ಗುರುತಾಗಿರಬಹುದು. ಶುಭ್ರ ಸೀಸೆಯಲ್ಲಿ ಗಂಜಲ ಹಿಡಿದು ಅಂದೇ ಪಶುವೈದ್ಯರಿಗೆ ತೋರಿಸಿ. ಬೇಗ ಚಿಕಿತ್ಸೆ ಸಿಕ್ಕರೆ ಹಸುವೂ ಉಳಿದೀತು, ಹಾಲೂ ಉಳಿದೀತು.