ಬೆರಳು ಬೆಳ್ಳಗಾದರೆ ನಾಚಬೇಕಿಲ್ಲ

ಪ್ರಶ್ನೆ: ತದಡಿ ಬಂದರಿನಲ್ಲಿ ಬೋಟು ಬಂದಾಗ ಐಸಿನೊಳಗಿಂದ ಮೀನು ತೆಗೆದು ವಿಂಗಡಿಸುವುದು ನನ್ನ ಕೆಲಸ. ಈಚೆಗೆ ಬೆರಳ ತುದಿ ಬೆಳ್ಳಗಾಗಿ ಜೋಮು ಹಿಡಿಯುತ್ತದೆ. ಮನೆಗೆ ಬಂದ ಮೇಲೆ ಉರಿ, ರಾತ್ರಿ ನಿದ್ದೆಯಿಲ್ಲ. ಗ್ಲೌಸ್ ಹಾಕಿಕೊಂಡು ಹೋದ ದಿನ ‘ಡಾಕ್ಟ್ರಮ್ಮ ಬಂದ್ರು’ ಎಂದು ಜೊತೆಯವರು ನಕ್ಕರು. ಕೈ ಹೋದರೆ ಕೆಲಸವೂ ಹೋಗುತ್ತದಲ್ಲ ಎಂಬ ಭಯ.
– ಓದುಗಿ, ಕುಮಟಾ ತಾಲ್ಲೂಕು

ಉತ್ತರ: ಅನ್ನ ಕೊಡುವ ಕೈಯೇ ಮರಗಟ್ಟಿದರೆ ಯಾರಿಗಾದರೂ ಹೆದರಿಕೆ ಆಗುತ್ತದೆ. ಅದರ ಮೇಲೆ ಜೊತೆಯವರ ನಗು. ನಿಮಗೆ ನೋವಾಗಿದ್ದು ಸಹಜ.

ನಮ್ಮ ಕರಾವಳಿಯಲ್ಲಿ ಚಳಿ ಎಲ್ಲಿದೆ ಎಂದು ಎಲ್ಲರೂ ಕೇಳುತ್ತಾರೆ. ಊರು ಬೆವರುತ್ತಿದ್ದರೂ ನಿಮ್ಮ ಕೈ ಗಂಟೆಗಟ್ಟಲೆ ಸೊನ್ನೆ ಡಿಗ್ರಿಯ ಐಸುನೀರಿನಲ್ಲಿರುತ್ತದೆ. ಉಪ್ಪು ಬೆರೆತ ಐಸು ಇನ್ನೂ ತಣ್ಣಗೆ. ಒಳಗಿನ ಬಿಸಿ ಉಳಿಸಿಕೊಳ್ಳಲು ದೇಹ ಬೆರಳಿನ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಬೆರಳು ಬಿಳಿಚುವುದು ಅದಕ್ಕೇ. ಸಿಯಾಚಿನ್‌ನ ಸೈನಿಕ ಗ್ಲೌಸ್ ತೊಟ್ಟರೆ ಯಾರೂ ನಗುವುದಿಲ್ಲ. ನೀವು ತೊಟ್ಟರೂ ಅದು ನಾಜೂಕಲ್ಲ, ಕೆಲಸದ ಸಾಮಾನು. ಅಭ್ಯಾಸವಾದರೆ ಸರಿಹೋಗುತ್ತದೆ ಎನ್ನುವವರ ಮಾತು ನಂಬಬೇಡಿ.

ಆಸ್ಪತ್ರೆಯವರು ಹಾಕುವ ತೆಳು ಗ್ಲೌಸ್ ನೀರು ತಡೆದೀತು, ಚಳಿ ತಡೆಯದು. ಬರೀ ಹತ್ತಿಯದು ಒದ್ದೆಯಾದರೆ ಇನ್ನಷ್ಟು ಕೊರೆಯುತ್ತದೆ. ಒಳಗೆ ತೆಳುವಾದ ಉಣ್ಣೆಯದು, ಮೇಲೆ ಮೊಣಕೈವರೆಗಿನ ದಪ್ಪ ರಬ್ಬರಿನದು ತೊಡಿ. ಮುಷ್ಟಿ ಕಟ್ಟಿ ನೋಡಿ: ಬೆರಳಿಗೆ ಬಿಗಿಯಬಾರದು, ಬಂಗಡೆಯ ಬಾಲ ಹಿಡಿದರೆ ಜಾರಲೂಬಾರದು. ಬಿಗಿಯಾದರೆ ರಕ್ತ ಓಡದು. ಕೈ ಬೆಚ್ಚಗಿರುವಾಗಲೇ ತೊಟ್ಟುಕೊಳ್ಳಿ. ಒಳಗಿನದು ಎರಡು ಮೂರು ಜೊತೆ ಇಟ್ಟುಕೊಂಡು ಒದ್ದೆಯಾದ ಕೂಡಲೇ ಬದಲಿಸಿ. ಶೆಟ್ಲಿಯ ಮುಳ್ಳು ಚುಚ್ಚಿ ರಬ್ಬರು ತೂತಾದರೆ ಆ ಜೊತೆ ಎಸೆಯಿರಿ. ಇನ್ನೊಂದು ಮಾತು, ಐಸು ಪುಡಿ ಮಾಡುವ ಮಿಷನ್ನಿನ ಬಾಯಿಗೆ ಮಾತ್ರ ಗ್ಲೌಸ್ ತೊಟ್ಟ ಕೈ ಒಯ್ಯಬೇಡಿ, ಬರಿಗೈಯಂತೂ ಬೇಡವೇ ಬೇಡ.

ಜೋಮು ಹಿಡಿದ ಬೆರಳನ್ನು ಒಲೆಗೆ ಹಿಡಿಯಬೇಡಿ, ಉಜ್ಜಬೇಡಿ. ಸ್ಪರ್ಶ ತಿಳಿಯದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಉಗುರುಬೆಚ್ಚಗಿನ ನೀರು ಸಾಕು.

ಇಷ್ಟು ಮಾಡಿದರೂ ಕುಮಟಾ ತಾಲ್ಲೂಕು ಆಸ್ಪತ್ರೆಗೆ ಒಮ್ಮೆ ಹೋಗಿ ಬನ್ನಿ, ಇದನ್ನು ಮುಂದೂಡಬೇಡಿ. ಬಿಳಿಚಿ, ನೀಲಿಯಾಗಿ, ಆಮೇಲೆ ಕೆಂಪಾಗುವ ಬೆರಳಿಗೆ ರೇನಾಡ್ಸ್ ಎಂಬ ತೊಂದರೆಯೂ ಕಾರಣವಿರಬಹುದು. ಸಕ್ಕರೆ ಕಾಯಿಲೆಯನ್ನೂ ಪರೀಕ್ಷಿಸಿಕೊಳ್ಳಿ. ಹುಣ್ಣು, ಕಪ್ಪು ಕಲೆ ಕಂಡರೆ ಅಂದೇ ಹೋಗಿ. ಚಿಂತೆಯಿಂದ ನಿದ್ದೆ ಬಾರದಿದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ನಕ್ಕವರ ಮೇಲೆ ಕೋಪ ಬೇಡ. ಅವರಲ್ಲಿ ಒಬ್ಬರನ್ನು ಬದಿಗೆ ಕರೆದು ‘ನಿನಗೂ ಜೋಮು ಹಿಡಿಯುತ್ತದಾ?’ ಎಂದು ಕೇಳಿ. ಹೌದು ಎನ್ನುವವರು ಸಿಕ್ಕಿಯೇ ಸಿಗುತ್ತಾರೆ. ಇಬ್ಬರು ಸೇರಿ ಗ್ಲೌಸ್ ಕೇಳಿದರೆ ಮಾಲೀಕರಿಗೂ ಕೇಳಿಸುತ್ತದೆ.

ಇದನ್ನು ಓದುತ್ತಿರುವ ಬೋಟು ಮಾಲೀಕರಲ್ಲಿ ಒಂದು ವಿನಂತಿ: ಆಗಸ್ಟ್ 1ಕ್ಕೆ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟು ಇಳಿಸುವಾಗ ಡೀಸೆಲ್, ಐಸಿನ ಲೆಕ್ಕದ ಜೊತೆಗೆ ಈ ಹೆಂಗಸರ ಗ್ಲೌಸಿನ ಖರ್ಚನ್ನೂ ಬರೆದುಕೊಳ್ಳಿ.