ಹಿಸಾಬಿಗೆ ಸಿಗದ ಕಡೆಯಿಂದ

ನೆನೆಸದೆ ಹಣ ಕೈಸೇರಿದರೆ ನಾವು ಅದನ್ನು ಅದೃಷ್ಟವೆನ್ನುತ್ತೇವೆ. ಪವಿತ್ರ ಕುರ್‌ಆನ್ ಬಳಸಿರುವ ಪದವೇ ಬೇರೆ: ‘ಲಾ ಯಹ್ತಸಿಬ್’. ನಮ್ಮ ಮನೆಮಾತಿನ ‘ಹಿಸಾಬು’ ಕೂಡಾ ಇದೇ ಧಾತುವಿನಿಂದ ಬಂದುದು. ಅಂದರೆ, ಮನುಷ್ಯನ ಲೆಕ್ಕಾಚಾರಕ್ಕೆ ನಿಲುಕದ ಕಡೆಯಿಂದ ಬರುವ ಜೀವನಾಧಾರ.

ಈ ಪದ ಬಂದಿರುವ ಸಂದರ್ಭವನ್ನು ಗಮನಿಸಿದ್ದೀರಾ? ಅದು ವ್ಯಾಪಾರದ ಸಂದರ್ಭವಲ್ಲ. 65ನೇ ಅಧ್ಯಾಯ ಅತ್ತಲಾಕ್‌ನ 3ನೇ ಸೂಕ್ತವದು. ಇದ್ದತ್‌ನ ದಿನಗಳನ್ನು ಎಣಿಸಬೇಕು, ಆಕೆಯನ್ನು ಮನೆಯಿಂದ ಹೊರಹಾಕಬಾರದು, ಶಕ್ತಿಗೆ ತಕ್ಕಂತೆ ವಸತಿ ಕೊಡಬೇಕು ಎಂಬ ಆದೇಶಗಳ ನಡುವೆ, ತಕ್ವಾ ಪಾಲಿಸುವವರಿಗೆ ಈ ವಾಗ್ದಾನವಿದೆ. ಆಕೆಯ ಹಕ್ಕು ಕೊಟ್ಟರೆ ಬರಿಗೈಯಾಗುವೆನೆಂದು ಅಂಜುವ ಪುರುಷನಿಗೂ, ನಾಳಿನ ಅನ್ನದ ಚಿಂತೆಯಲ್ಲಿರುವ ಆ ಸ್ತ್ರೀಗೂ ಇದು ಅಲ್ಲಾಹನ ಭರವಸೆ.

ಇದೇ ಧಾತುವಿನ ಮಾತು 59ನೇ ಅಧ್ಯಾಯದ 2ನೇ ಸೂಕ್ತದಲ್ಲೂ ಇದೆ. ಅಲ್ಲಿ ಕೋಟೆಗಳನ್ನು ನಂಬಿ ಕುಳಿತವರಿಗೆ ಎಣಿಸದ ಕಡೆಯಿಂದ ಬಂದುದು ಶಿಕ್ಷೆ!

ಆದುದರಿಂದ ಅದೃಷ್ಟಕ್ಕಾಗಿ ಕಾದು ಕುಳಿತುಕೊಳ್ಳಬೇಡಿರಿ. ನಿಮ್ಮ ಮೇಲಿರುವ ಪತ್ನಿಯ, ಸಹೋದರಿಯ, ಕೆಲಸದಾಳಿನ ಹಕ್ಕುಗಳ ಹಿಸಾಬನ್ನು ಇಂದೇ ಚುಕ್ತಾ ಮಾಡಿರಿ. ಕೊಡುವವನ ಹಿಸಾಬನ್ನು ಅವನಿಗೇ ಬಿಡಿರಿ.