ನಾವು ನೋಡಿದ ಅರಮನೆ, ಕೋಟೆ ಮತ್ತು ಗದ್ದುಗೆ



ದಸರಾ ರಜೆಯಲ್ಲಿ ನಾವು ಮನೆಯವರೆಲ್ಲ ಮಾಮನ ಜೀಪಿನಲ್ಲಿ ಎರಡು ದಿನ ಕೊಡಗಿನ ಚಾರಿತ್ರಿಕ ಸ್ಥಳಗಳನ್ನು ನೋಡಲಿಕ್ಕೆ ಹೋಗಿದ್ದೆವು. ಅಪ್ಪ, ಅಮ್ಮ, ಅಜ್ಜಿ, ನಾನು, ತಮ್ಮ. ಹಿಂದಿನ ಸೀಟಿನಲ್ಲಿ ಬುತ್ತಿಯ ಪಾತ್ರೆ. ಸಮಾಜ ವಿಜ್ಞಾನದಲ್ಲಿ ನಾವು ರಾಜರ ಹೆಸರು ಮತ್ತು ಇಸವಿ ಬಾಯಿಪಾಠ ಮಾಡ್ತೇವೆ. ಆದರೆ ಆ ರಾಜ ಯಾಕೆ ಅಲ್ಲೇ ಮನೆ ಕಟ್ಟಿಸಿದ ಅಂತ ಕೇಳುವುದಿಲ್ಲ. ಜಾಗ ನೋಡಿದರೆ ಅದು ಗೊತ್ತಾಗ್ತದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಸುಮಾರು 1600ರಿಂದ 1834ರವರೆಗೆ ಕೊಡಗನ್ನು ಆಳಿದವರು ಹಾಲೇರಿ ವಂಶದವರು. ಇವರು ಲಿಂಗಾಯತರು. ಇವರಲ್ಲಿ ಮುದ್ದುರಾಜ, ದೊಡ್ಡವೀರರಾಜೇಂದ್ರ, ಅವನ ತಮ್ಮ ಲಿಂಗರಾಜೇಂದ್ರ, ಕೊನೆಗೆ ಲಿಂಗರಾಜೇಂದ್ರನ ಮಗ ಚಿಕವೀರರಾಜೇಂದ್ರ, ಈ ನಾಲ್ಕು ಹೆಸರು ನೆನಪಿಟ್ಟುಕೊಂಡರೆ ಸಾಕು.

ಶ್ರೀಮಂಗಲದಿಂದ ಬೆಳಿಗ್ಗೆ ಆರಕ್ಕೆ ಹೊರಟು ಹುದಿಕೇರಿ, ಪೊನ್ನಂಪೇಟೆ, ಗೋಣಿಕೊಪ್ಪ ದಾಟಿ ವಿರಾಜಪೇಟೆ ಮುಟ್ಟಿದೆವು. ನಾವು ಸಂತೆಗೂ ಆಸ್ಪತ್ರೆಗೂ ಹೋಗುವ ಈ ಪೇಟೆಯನ್ನು ಕಟ್ಟಿಸಿದ್ದು ದೊಡ್ಡವೀರರಾಜೇಂದ್ರ, 1792ರಲ್ಲಿ. ಅವನ ಹೆಸರೇ ವೀರರಾಜೇಂದ್ರಪೇಟೆ ಎಂದಾಗಿ ಈಗ ವಿರಾಜಪೇಟೆ ಆಗಿದೆ. ಅಲ್ಲಿಯ ಸಂತ ಅನ್ನಮ್ಮ ಚರ್ಚು ಕೂಡ ಅದೇ ವರ್ಷದ್ದು, ಜಾಗ ಕೊಟ್ಟದ್ದು ಅದೇ ರಾಜ. ಅಲ್ಲಿ ಚಹಾ ಕುಡಿದು ಮುಂದೆ ಹೋದೆವು.

ಕಡಂಗ ದಾಟಿ ಕಕ್ಕಬ್ಬೆಗೆ ಹೋಗುವ ದಾರಿ ಬಹಳ ತಿರುವು. ತಮ್ಮ ಎರಡು ಸಲ ವಾಂತಿ ಮಾಡಿದ. ಕಕ್ಕಬ್ಬೆಯಿಂದ ಮೇಲೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ ನಾಲ್ಕುನಾಡು ಅರಮನೆ ಉಂಟು. ತಡಿಯಂಡಮೋಳ್ ಅಂದರೆ 1748 ಮೀಟರು, ಕೊಡಗಿನಲ್ಲೇ ಎತ್ತರದ ಬೆಟ್ಟ. ಅರಮನೆ ಅಂದ ಕೂಡಲೇ ಮೈಸೂರಿನ ಅರಮನೆ ಮನಸ್ಸಿಗೆ ಬರ್ತದೆ ಅಲ್ಲವೇ? ಇದು ಹಾಗಿಲ್ಲ. ದೂರದಿಂದ ನೋಡಿದರೆ ಹಂಚಿನ ಎರಡು ಅಂತಸ್ತಿನ ದೊಡ್ಡ ಮನೆ, ಅಷ್ಟೆ. "ಇಷ್ಟೇಯಾ?" ಅಂದ ತಮ್ಮ. ಹತ್ತಿರ ಹೋದರೆ ಮರದ ಕಂಬಗಳ ಕೆತ್ತನೆ ಕಾಣ್ತದೆ, ಗೋಡೆ ಮೇಲೆ ಹಳೆಯ ಚಿತ್ರಗಳು. ಒಳಗಿನ ಕೋಣೆಗಳಲ್ಲಿ ಹಗಲಲ್ಲೂ ಕತ್ತಲೆ.

ರಾಜನಿಗೆ ಈ ಕಾಡಿನ ಮೂಲೆ ಯಾಕೆ ಬೇಕಿತ್ತು? ಅದಕ್ಕೆ ಕಾರಣ ಭಯ. ದೊಡ್ಡವೀರರಾಜೇಂದ್ರನನ್ನು ಟಿಪ್ಪು ಸುಲ್ತಾನನು ಪಿರಿಯಾಪಟ್ಟಣದ ಕೋಟೆಯಲ್ಲಿ ಸೆರೆ ಇಟ್ಟಿದ್ದನು. 1788ರ ಡಿಸೆಂಬರಿನಲ್ಲಿ ಅವನು ಅಲ್ಲಿಂದ ತಪ್ಪಿಸಿಕೊಂಡು ಬಂದನು. ಮಡಿಕೇರಿ ಕೋಟೆ ಆಗ ಟಿಪ್ಪುವಿನ ಕೈಯಲ್ಲಿತ್ತು. ಹಾಗೆ ಸೆರೆಯಲ್ಲಿದ್ದು ಬಂದವನು 1792ರಿಂದ 1794ರವರೆಗೆ ಕಟ್ಟಿಸಿದ ಮನೆ ಇದು. ಹಿಂದೆ ಬೆಟ್ಟ, ಸುತ್ತಲೂ ಕಾಡು. ಯಾರೇ ಬಂದರೂ ಮೊದಲೇ ಗೊತ್ತಾಗಬೇಕು, ಒಳಗಿರುವವರು ಹೊರಗಿನವರಿಗೆ ಕಾಣಬಾರದು. ನಮ್ಮ ಅಜ್ಜಿ ಕತ್ತಲೆ ಕೋಣೆಯಲ್ಲಿ ನಿಂತು, "ಪಾಪ, ರಾಜನಾದರೂ ನಿದ್ದೆ ಇರಲಿಲ್ಲ ಕಾಣ್ತದೆ" ಅಂದರು. ನನಗೂ ಹಾಗೇ ಅನ್ನಿಸಿತು.

ಆದರೆ ಎದುರಿನ ಅಂಗಳದಲ್ಲಿ ಒಂದು ಚಿಕ್ಕ ಮಂಟಪ ಉಂಟು. 1796ರಲ್ಲಿ ರಾಜ ಮಹದೇವಮ್ಮನನ್ನು ಮದುವೆಯಾದದ್ದು ಇಲ್ಲೇ. ಬೇಸರದ ಸಂಗತಿ ಎಂದರೆ, ಇಷ್ಟು ಹಳೆಯ ಗೋಡೆಯ ಮೇಲೆ ಯಾರು ಯಾರೋ ತಮ್ಮ ಹೆಸರನ್ನು ಮೊಳೆಯಿಂದ ಗೀಚಿದ್ದಾರೆ. ಪಕ್ಕದಲ್ಲಿ ಬಾಣ ಚುಚ್ಚಿದ ಹೃದಯದ ಚಿತ್ರ. ಇವರು ಯಾವ ಯುದ್ಧ ಗೆದ್ದಿದ್ದಾರೋ ಗೊತ್ತಿಲ್ಲ.

ಆ ರಾತ್ರಿ ಮಡಿಕೇರಿಯಲ್ಲಿ ಅತ್ತೆ ಮನೆಯಲ್ಲಿ ಉಳಿದು ಮಾರನೆ ದಿನ ಕೋಟೆಗೆ ಹೋದೆವು. 1681ರಲ್ಲಿ ಮುದ್ದುರಾಜ ಮಡಿಕೇರಿಯನ್ನು ರಾಜಧಾನಿ ಮಾಡಿ ಮಣ್ಣಿನ ಕೋಟೆ ಕಟ್ಟಿಸಿದನು. ಟಿಪ್ಪು ಅದನ್ನು ಕಲ್ಲಿನಿಂದ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟನು. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ತಿರುಗಿ ಪಡೆದನು. ಅದೇ ವರ್ಷ ಅವನು ಇಂಗ್ಲಿಷರ ಜತೆ ಸ್ನೇಹದ ಒಪ್ಪಂದ ಮಾಡಿಕೊಂಡನು. ಇದನ್ನು ನೆನಪಿಡಿ, ಮುಂದೆ ಬೇಕಾಗ್ತದೆ.

ಕೋಟೆಯೊಳಗೆ ಗಾರೆಯ ಎರಡು ಆನೆಗಳು ನಿಂತಿವೆ, ನಿಜವಾದ ಆನೆಯಷ್ಟೇ ದೊಡ್ಡವು. ರಾಜ ಸಿಟ್ಟಿನಲ್ಲಿ ತನ್ನ ಆನೆಗಳನ್ನು ಕೊಂದು, ಆಮೇಲೆ ದುಃಖದಿಂದ ಮಾಡಿಸಿದನು ಅಂತ ಕತೆ ಹೇಳ್ತಾರೆ. ಇಂಗ್ಲಿಷರ ಕಾಲದ ಚರ್ಚು ಈಗ ವಸ್ತು ಸಂಗ್ರಹಾಲಯ. ಅಲ್ಲಿ ವೀರಗಲ್ಲು, ಕತ್ತಿ, ಹಳೆಯ ವಿಗ್ರಹಗಳಿವೆ. ನನಗೆ ಮನಸ್ಸಿಗೆ ತಟ್ಟಿದ್ದು ಬೇರೆ ಸಂಗತಿ. ಇಂಗ್ಲಿಷರ ವಿರುದ್ಧ ಎದ್ದ ಅಮರಸುಳ್ಯ ದಂಗೆಯ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಈ ಕೋಟೆಯಲ್ಲಿ. ಪೇಟೆಯಲ್ಲಿ ಅವರ ಪ್ರತಿಮೆ ಉಂಟು.

ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಿಂದ ವಸ್ತು ಸಂಗ್ರಹಾಲಯವಾಗಿದೆ. ಹೊರಗೆ ಯುದ್ಧದ ಟ್ಯಾಂಕ್ ಇಟ್ಟಿದ್ದಾರೆ. ತಮ್ಮನನ್ನು ಅಲ್ಲಿಂದ ಎಳೆದು ತರಬೇಕಾಯ್ತು. ಆ ಮನೆಯ ಬಗ್ಗೆ ಬೇರೆಯೇ ಬರೆಯಬೇಕು. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನಕ್ಕೂ ಹೋದೆವು. ಈಶ್ವರನ ಗುಡಿಗೆ ಮಸೀದಿಯ ಹಾಗೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ಯಾವ ಜಾತಿಯ ಶಿಲ್ಪಿ ಅಂತ ರಾಜ ಕೇಳಲಿಲ್ಲ ಕಾಣ್ತದೆ.

ಗದ್ದುಗೆ ಕೂಡ ಅದೇ ರೀತಿ, ಗುಮ್ಮಟದ ಕಟ್ಟಡಗಳು. ದೊಡ್ಡವೀರರಾಜೇಂದ್ರ ಮತ್ತು ಮಹದೇವಮ್ಮ ಒಂದರಲ್ಲಿ, ಲಿಂಗರಾಜೇಂದ್ರ ಇನ್ನೊಂದರಲ್ಲಿ. ನಾನು ಚಿಕವೀರರಾಜೇಂದ್ರನ ಸಮಾಧಿ ಹುಡುಕಿದೆ. ಇಲ್ಲ. ಅಪ್ಪನನ್ನು ಕೇಳಿದೆ, ಆಮೇಲೆ ಊರಿಗೆ ಬಂದು ನಮ್ಮ ಮೇಷ್ಟ್ರನ್ನೂ ಕೇಳಿದೆ.

1834ರಲ್ಲಿ ಇಂಗ್ಲಿಷರ ಸೈನ್ಯ ಕೊಡಗಿಗೆ ಬಂತು. ದೊಡ್ಡಪ್ಪ ಸ್ನೇಹ ಮಾಡಿದ 44 ವರ್ಷಕ್ಕೆ! ಚಿಕವೀರರಾಜೇಂದ್ರ ಅದೇ ನಾಲ್ಕುನಾಡು ಅರಮನೆಗೆ ಹೋಗಿ ಅಡಗಿದನು, ನಂತರ ಶರಣಾದನು. ಅವನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದರು. ಅವನು ಬಹಳ ಕ್ರೂರಿ ಅಂತ ಎಲ್ಲರೂ ಹೇಳ್ತಾರೆ. ಮಾಸ್ತಿಯವರು ಅವನ ಮೇಲೆ 'ಚಿಕವೀರ ರಾಜೇಂದ್ರ' ಎಂಬ ಕಾದಂಬರಿಯನ್ನೇ ಬರೆದಿದ್ದಾರೆ. ಕ್ರೂರಿ ಇದ್ದಿರಬಹುದು. ಆದರೆ ಅವನ ಬಗ್ಗೆ ಬರೆದಿಟ್ಟವರಲ್ಲಿ ಅವನ ರಾಜ್ಯ ತೆಗೆದುಕೊಂಡವರೇ ಇದ್ದಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಅಂತ ಮೇಷ್ಟ್ರು ಹೇಳಿದರು.

ಅವನ ಮಗಳು ಗೌರಮ್ಮ ಹುಟ್ಟಿದ್ದು ಕಾಶಿಯಲ್ಲಿ, 1841ರಲ್ಲಿ. 1852ರಲ್ಲಿ ಅಪ್ಪನ ಜತೆ ಹಡಗಿನಲ್ಲಿ ಲಂಡನ್ನಿಗೆ ಹೋದಳು. ಆಗ ಅವಳಿಗೆ ನಮಗಿಂತ ಕಡಿಮೆ ವಯಸ್ಸು. ಅಪ್ಪ ಕಂಪನಿಯ ಮೇಲೆ ತನ್ನ ಹಣಕ್ಕಾಗಿ ದಾವೆ ಹೂಡಿದನು. ಅವಳಿಗೆ ಕ್ರಿಸ್ತ ಧರ್ಮದ ದೀಕ್ಷೆ ಕೊಡಿಸಿದರು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ರಾಜ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಗೌರಮ್ಮ 1864ರಲ್ಲಿ, 23 ತುಂಬುವ ಮೊದಲೇ. ಕೊಡಗಿನ ರಾಜಕುಮಾರಿ ಅಂತ ಹೆಸರು, ಆದರೆ ನಾವು ಜೀಪಿನಲ್ಲಿ ಎರಡು ದಿನದಲ್ಲಿ ನೋಡಿ ಬಂದದ್ದನ್ನು ಅವಳು ನೋಡಲೇ ಇಲ್ಲ. ಅವಳ ಸಮಾಧಿ ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಉಂಟು.

ನಾಲ್ಕುನಾಡಿಗೆ ಹೋಗುವವರು ಟಾರ್ಚ್ ಹಿಡಿದುಕೊಂಡು ಹೋಗಿ, ಒಳಗೆ ಏನೂ ಕಾಣುವುದಿಲ್ಲ. ಮಳೆಗಾಲವಾದರೆ ಸ್ವಲ್ಪ ಉಪ್ಪು ಕೂಡ ಇರಲಿ, ಜಿಗಣೆ ಬಹಳ.